ಮನೆಯ ಸಾಲ, ಮನುಷ್ಯನ ದಿವಾಳಿ

ಗೃಹಸಾಲ ಪಡೆದವರಿಗೆ ಬ್ಯಾಂಕಿನಿಂದ ಬರುವ ಕಾಗದಪತ್ರಗಳಲ್ಲಿ ‘ಫೋರ್‌ಕ್ಲೋಜರ್’ ಎಂಬ ಪದ ಆಗಾಗ ಕಾಣಿಸಿಕೊಳ್ಳುತ್ತದೆ. ನಮ್ಮಲ್ಲಿ ಅದು ಸಂತಸದ ಪದ. ಅವಧಿಗೆ ಮೊದಲೇ ಬಾಕಿಯೆಲ್ಲವನ್ನೂ ಒಮ್ಮೆಗೇ ಕಟ್ಟಿ, ಮನೆಯ ಮೂಲಪತ್ರಗಳನ್ನು ಮರಳಿ ಪಡೆದು, ಸಾಲದಿಂದ ಕೈತೊಳೆದುಕೊಳ್ಳುವುದಕ್ಕೆ ನಾವು ಆ ಹೆಸರನ್ನು ಕೊಟ್ಟುಕೊಂಡಿದ್ದೇವೆ. ಬದಲಾಗುವ ಬಡ್ಡಿದರದ ಗೃಹಸಾಲಗಳ ಮೇಲೆ ಹಾಗೆ ಮುಂಚಿತವಾಗಿ ತೀರಿಸಿದ್ದಕ್ಕಾಗಿ ದಂಡ ವಸೂಲು ಮಾಡಬಾರದೆಂದು ರಿಸರ್ವ್ ಬ್ಯಾಂಕು 2012ರಲ್ಲಿ ಬ್ಯಾಂಕುಗಳಿಗೆ ಹೇಳಿದಾಗ ಮಧ್ಯಮವರ್ಗದ ಮನೆಗಳಲ್ಲಿ ನೆಮ್ಮದಿಯ ಉಸಿರು ಕೇಳಿಬಂದಿತ್ತು. ಇದೇ ಪದವನ್ನು ಅಮೆರಿಕದ ಗೃಹಸ್ಥನೊಬ್ಬನ ಮುಂದೆ ಉಚ್ಚರಿಸಿದರೆ ಅವನ ಮುಖ ಕಪ್ಪಿಡುತ್ತದೆ. ಅಲ್ಲಿ ಅದರ ಅರ್ಥ, ಕಂತು ತಪ್ಪಿದ್ದಕ್ಕೆ ಮನೆ ಕೈಬಿಟ್ಟುಹೋಗುವುದು. ಒಂದೇ ಪದ ಒಂದು ದೇಶದಲ್ಲಿ ಬಿಡುಗಡೆಯನ್ನೂ ಇನ್ನೊಂದರಲ್ಲಿ ಉಚ್ಚಾಟನೆಯನ್ನೂ ಸೂಚಿಸುವುದು ವಿಚಿತ್ರವೆನಿಸಬಹುದು. ಪದದ ಮೂಲಾರ್ಥಕ್ಕೆ ಹತ್ತಿರವಿರುವುದು ಅಮೆರಿಕದವರ ಬಳಕೆಯೇ.

ಸಾಲ ತೀರಿಸಲಾಗದ ಮನೆಯೊಡೆಯನ ಮುಂದೆ ಅಲ್ಲಿ ಎರಡು ದಾರಿಗಳಿವೆ. ಅಡಮಾನದ ಕಾನೂನು ತನ್ನ ಪಾಡಿಗೆ ತಾನು ನಡೆಯಲೆಂದು ಬಿಟ್ಟು ಮನೆಯನ್ನು ಹರಾಜಿಗೆ ಒಪ್ಪಿಸುವುದು ಒಂದು. ನ್ಯಾಯಾಲಯಕ್ಕೆ ಹೋಗಿ ತಾನು ದಿವಾಳಿಯಾಗಿದ್ದೇನೆಂದು ಘೋಷಿಸಿಕೊಂಡು ರಕ್ಷಣೆ ಬೇಡುವುದು ಇನ್ನೊಂದು. ಮನೆ ಒಬ್ಬನದೇ ಆಗಿದ್ದರೆ ಈ ಆಯ್ಕೆ ಲೆಕ್ಕಾಚಾರದ ವಿಷಯ. ಅದು ಗಂಡಹೆಂಡಿರ, ಅಣ್ಣತಮ್ಮಂದಿರ ಜಂಟಿ ಹೆಸರಿನಲ್ಲಿದ್ದರೆ ಲೆಕ್ಕ ಅಷ್ಟಕ್ಕೆ ಮುಗಿಯುವುದಿಲ್ಲ. ಒಬ್ಬರು ಆರಿಸಿದ ದಾರಿಯ ಭಾರ ಇನ್ನೊಬ್ಬರ ಹೆಗಲಿಗೆ ಬೀಳುತ್ತದೆ. ಈ ಎರಡು ದಾರಿಗಳು ಎಲ್ಲಿಂದ ಬಂದವು, ಜಂಟಿ ಒಡೆತನದ ಮನೆಯ ಮುಂದೆ ಅವು ಹೇಗೆ ತೊಡಕಾದವು, ನಮ್ಮ ದೇಶದಲ್ಲಿ ಅವುಗಳ ಸ್ಥಿತಿ ಏನು ಎಂಬುದನ್ನು ನೋಡುವುದು ಈ ಲೇಖನದ ಉದ್ದೇಶ.

ವಸ್ತುವಿನ ಕಾನೂನು, ವ್ಯಕ್ತಿಯ ಕಾನೂನು

ಎರಡೂ ದಾರಿಗಳು ಇಂಗ್ಲೆಂಡಿನಲ್ಲಿ ರೂಪುಗೊಂಡವು. ‘ಮಾರ್ಟ್‌ಗೇಜ್’ ಎಂದರೆ ಹಳೆಯ ಫ್ರೆಂಚಿನಲ್ಲಿ ‘ಸತ್ತ ಒತ್ತೆ’. ಸಾಲ ಪಡೆಯುವವನು ತನ್ನ ಭೂಮಿಯನ್ನು ಸಾಲಗಾರನ ಹೆಸರಿಗೇ ಬರೆದುಕೊಡುತ್ತಿದ್ದ. ಗೊತ್ತುಪಡಿಸಿದ ದಿನ ಹಣ ಹಿಂದಿರುಗಿಸಿದರೆ ಭೂಮಿ ಮರಳಿ ಬರುತ್ತಿತ್ತು. ಒಂದು ದಿನ ತಡವಾದರೂ ಅದು ಅವನ ಪಾಲಿಗೆ ಸತ್ತಂತೆಯೇ. ಈ ಕಾಠಿಣ್ಯವನ್ನು 17ನೆಯ ಶತಮಾನದಲ್ಲಿ ಚಾನ್ಸರಿ ನ್ಯಾಯಾಲಯ ಸಡಿಲಿಸಿತು. ವಾಯಿದೆ ಮೀರಿದರೂ ಅಸಲು, ಬಡ್ಡಿ, ಖರ್ಚು ಕೊಟ್ಟು ಭೂಮಿಯನ್ನು ಬಿಡಿಸಿಕೊಳ್ಳುವ ಹಕ್ಕು ಸಾಲಿಗನಿಗೆ ಉಂಟೆಂದು ಅದು ಹೇಳಿತು. ಇದೇ ವಿಮೋಚನೆಯ ಹಕ್ಕು. ಇದರಿಂದ ಸಾಲಕೊಟ್ಟವನಿಗೆ ಹೊಸ ಸಂಕಟ ಹುಟ್ಟಿಕೊಂಡಿತು. ಸಾಲಿಗನು ಎಂದು ಬೇಕಾದರೂ ಬಂದು ಬಿಡಿಸಿಕೊಳ್ಳಬಹುದಾದರೆ ಭೂಮಿ ತನ್ನದೆಂದು ಅವನು ನಂಬುವುದು ಹೇಗೆ? ಅವನು ಅದೇ ನ್ಯಾಯಾಲಯಕ್ಕೆ ಹೋಗಿ ಒಂದು ಕೊನೆಯ ದಿನ ಗೊತ್ತುಮಾಡಿಸಿಕೊಳ್ಳತೊಡಗಿದ. ಆ ದಿನ ಕಳೆದ ಮೇಲೆ ವಿಮೋಚನೆಯ ಬಾಗಿಲು ಮುಚ್ಚಿತು ಎಂಬ ಆದೇಶವೇ ಫೋರ್‌ಕ್ಲೋಜರ್. ಸಾಲಕ್ಕಿಂತ ಮನೆಯ ಬೆಲೆ ಎಷ್ಟೇ ಹೆಚ್ಚಿದ್ದರೂ ಮನೆ ಇಡಿಯಾಗಿ ಸಾಲಕೊಟ್ಟವನದಾಗುತ್ತಿತ್ತು. ಅಮೆರಿಕದ ಬಹುತೇಕ ರಾಜ್ಯಗಳು ಇದನ್ನು ಮೃದುಗೊಳಿಸಿ ಹರಾಜಿನ ಪದ್ಧತಿ ತಂದವು. ಸಾಲ ಹೋಗಿ ಉಳಿದದ್ದು ಒಡೆಯನಿಗೆ ಸಲ್ಲುತ್ತಿತ್ತು. ಹಲವು ರಾಜ್ಯಗಳು ಹರಾಜಾದ ಮೇಲೂ ಕೆಲವು ತಿಂಗಳ ವಿಮೋಚನಾವಧಿಯನ್ನು ಕೊಟ್ಟವು.

ದಿವಾಳಿಯ ಕಾನೂನಿನ ಹುಟ್ಟು ಬೇರೆ ಬಗೆಯದು. ಎಂಟನೆಯ ಹೆನ್ರಿಯ ಕಾಲದಲ್ಲಿ, 1542ರ ಸುಮಾರಿಗೆ ಬಂದ ಮೊದಲ ಶಾಸನ ಸಾಲಿಗನ ಮೇಲಿನ ಕರುಣೆಯಿಂದ ಹುಟ್ಟಿದ್ದಲ್ಲ. ಆಸ್ತಿ ಬಚ್ಚಿಟ್ಟು ಓಡಿಹೋಗುವವರನ್ನು ಹಿಡಿಯಲೆಂದು ಅದು ಬಂತು. ಪ್ರಾಮಾಣಿಕನಾಗಿ ಎಲ್ಲವನ್ನೂ ಒಪ್ಪಿಸಿದವನಿಗೆ ಉಳಿದ ಸಾಲದಿಂದ ಬಿಡುಗಡೆ ಕೊಡುವ ಕಲ್ಪನೆ ಬಂದದ್ದು 1705ರಲ್ಲಿ, ರಾಣಿ ಆ್ಯನ್‌ಳ ಕಾಲದಲ್ಲಿ. ಅದೇ ಶಾಸನ ವಂಚಕ ದಿವಾಳಿಗನಿಗೆ ಮರಣದಂಡನೆಯನ್ನೂ ವಿಧಿಸಿತ್ತು. 1861ರ ತನಕ ಈ ಬಿಡುಗಡೆ ವ್ಯಾಪಾರಿಗಳಿಗೆ ಮಾತ್ರ ಮೀಸಲು. ಗುಮಾಸ್ತ, ಶಿಕ್ಷಕ, ಕುಶಲಕರ್ಮಿಗಳಿಗೆ ಇದ್ದದ್ದು ಸೆರೆಮನೆ. ನೌಕಾಪಡೆಯ ವೇತನ ಕಚೇರಿಯ ಗುಮಾಸ್ತನಾಗಿದ್ದ ಚಾರ್ಲ್ಸ್ ಡಿಕನ್ಸ್‌ನ ತಂದೆ 1824ರಲ್ಲಿ ಮಾರ್ಷಲ್‌ಸೀ ಸೆರೆಮನೆ ಸೇರಿದ್ದು ಸಾಲದ ಕಾರಣಕ್ಕೇ.

ಹೀಗೆ ಅಡಮಾನದ ಕಾನೂನು ವಸ್ತುವನ್ನು ಹಿಂಬಾಲಿಸುತ್ತದೆ, ದಿವಾಳಿಯ ಕಾನೂನು ವ್ಯಕ್ತಿಯನ್ನು ಹಿಂಬಾಲಿಸುತ್ತದೆ. ವ್ಯಕ್ತಿಗೆ ಬಿಡುಗಡೆ ಸಿಕ್ಕಿದರೂ ವಸ್ತುವಿನ ಮೇಲಿನ ಒತ್ತೆ ಅಳಿಯುವುದಿಲ್ಲ. ಒಂದೇ ವಸ್ತುವಿಗೆ ಇಬ್ಬರು ವ್ಯಕ್ತಿಗಳು ಒಡೆಯರಾಗಿದ್ದಾಗ ಈ ಎರಡು ಕಾನೂನುಗಳು ಪರಸ್ಪರ ಢಿಕ್ಕಿ ಹೊಡೆಯುತ್ತವೆ.

ಹಿಂದಿನ ಇಂಗ್ಲೆಂಡಿನಲ್ಲಿ ಈ ಢಿಕ್ಕಿ ಕಾಣಿಸುತ್ತಿರಲಿಲ್ಲ, ಏಕೆಂದರೆ ಅಲ್ಲಿ ಎರಡನೆಯ ವ್ಯಕ್ತಿಯೇ ಇರಲಿಲ್ಲ. ಮದುವೆಯಾದ ಹೆಣ್ಣಿನ ಚರಾಸ್ತಿಯೆಲ್ಲ ಗಂಡನದಾಗುತ್ತಿತ್ತು. ಜಾರ್ಜ್ ಎಲಿಯಟ್‌ಳ ‘ದ ಮಿಲ್ ಆನ್ ದ ಫ್ಲಾಸ್’ (1860) ಕಾದಂಬರಿಯಲ್ಲಿ ಟಲಿವರ್ ದಾವೆ ಸೋತು ದಿವಾಳಿಯಾದಾಗ ಅವನ ಹೆಂಡತಿ ತವರಿನಿಂದ ತಂದ, ತನ್ನ ಮದುವೆಗೆ ಮುಂಚಿನ ಹೆಸರಿನ ಗುರುತು ಹೊಲಿದ ನಾರುಬಟ್ಟೆಗಳೂ ಪಿಂಗಾಣಿ ಪಾತ್ರೆಗಳೂ ಹರಾಜಿಗೆ ಹೋಗುತ್ತವೆ. ಎಂ.ಎ. ತರಗತಿಯಲ್ಲಿ ಆ ಅಧ್ಯಾಯವನ್ನು ಅವಳ ಸಣ್ಣತನದ ಹಾಸ್ಯಚಿತ್ರವೆಂದು ಓದಿಸುವುದುಂಟು. ಕಾನೂನಿನ ಕಣ್ಣಿಂದ ಓದಿದರೆ ಅದು ಬೇರೆಯೇ ಆಗಿ ಕಾಣುತ್ತದೆ. ಆಕೆ ಸಹಿ ಮಾಡದ ಸಾಲಕ್ಕೆ ಆಕೆಯ ಹೆಸರು ಹೊತ್ತ ವಸ್ತುಗಳು ಮಾರಾಟವಾಗುತ್ತಿವೆ. 1870 ಮತ್ತು 1882ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯಿದೆಗಳು ಬಂದ ಮೇಲಷ್ಟೇ ಗಂಡನ ದಿವಾಳಿತನದ ಆಚೆಗೆ ಹೆಂಡತಿಗೆ ತನ್ನದೆಂಬುದೊಂದು ಉಳಿಯಿತು.

ಮಿನಿಯಾಪೊಲಿಸ್‌ನ ಹದಿನಾಲ್ಕು ಕೋಣೆಗಳ ಮನೆ

ಮನೆಸಾಲದ ಕಥೆ ಒಂದು ರಾಷ್ಟ್ರದ ಕಥೆಯಾದದ್ದು 1930ರ ದಶಕದ ಅಮೆರಿಕದಲ್ಲಿ. ಅಂದಿನ ಗೃಹಸಾಲ ಇಂದಿನದರಂತಿರಲಿಲ್ಲ. ಅವಧಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಅಲ್ಲಿಯವರೆಗೆ ಹೆಚ್ಚಾಗಿ ಬಡ್ಡಿ ಮಾತ್ರ ಕಟ್ಟಿ, ಕೊನೆಯಲ್ಲಿ ಅಸಲನ್ನು ಒಟ್ಟಾಗಿ ಕೊಡಬೇಕು ಅಥವಾ ಸಾಲವನ್ನು ನವೀಕರಿಸಿಕೊಳ್ಳಬೇಕು. ಒಳ್ಳೆಯ ಕಾಲದಲ್ಲಿ ನವೀಕರಣ ಸುಲಭ. 1929ರ ಕುಸಿತದ ನಂತರ ಬ್ಯಾಂಕುಗಳೇ ಮುಚ್ಚತೊಡಗಿದಾಗ ನವೀಕರಿಸುವವರೇ ಇಲ್ಲವಾದರು. 1933ರ ಹೊತ್ತಿಗೆ ದಿನವೊಂದಕ್ಕೆ ಸುಮಾರು 1,000 ಮನೆಗಳು ಒಡೆಯರ ಕೈತಪ್ಪುತ್ತಿದ್ದವು. ಅಯೋವಾದ ಲ ಮಾರ್ಸ್ ಎಂಬ ಊರಿನಲ್ಲಿ ಆ ವರ್ಷದ ಏಪ್ರಿಲ್‌ನಲ್ಲಿ ರೈತರು ಅಡಮಾನದ ಮೊಕದ್ದಮೆಗಳನ್ನು ವಿಚಾರಿಸುತ್ತಿದ್ದ ನ್ಯಾಯಾಧೀಶನನ್ನು ಪೀಠದಿಂದ ಎಳೆದೊಯ್ದು ಕೊರಳಿಗೆ ಹಗ್ಗ ಹಾಕಿದರು. ಅವನು ಬದುಕುಳಿದ. ಆದರೆ ರಾಜ್ಯ ಸರಕಾರಗಳಿಗೆ ಸಂದೇಶ ಮುಟ್ಟಿತ್ತು.

ಅದೇ ತಿಂಗಳು ಮಿನೆಸೋಟಾ ರಾಜ್ಯ ಅಡಮಾನ ಮುಂದೂಡಿಕೆಯ ಕಾಯಿದೆಯನ್ನು ತಂದಿತು. ಅದರಡಿ ಅರ್ಜಿ ಹಾಕಿದವರಲ್ಲಿ ಮಿನಿಯಾಪೊಲಿಸ್ ನಗರದ ದಂಪತಿಯೊಂದಿತ್ತು. ಅವರ ಪ್ರಕರಣ ಮುಂದೆ ‘ಬ್ಲೇಸ್ಡೆಲ್ ಪ್ರಕರಣ’ವೆಂದು ಅಮೆರಿಕದ ಕಾನೂನು ವಿದ್ಯಾರ್ಥಿಗಳೆಲ್ಲರ ಪಠ್ಯವಾಯಿತು. ಗಂಡಹೆಂಡಿರಿಬ್ಬರೂ ಒಡೆಯರು, ಇಬ್ಬರೂ ಅರ್ಜಿದಾರರು. ಅವರದು ಹದಿನಾಲ್ಕು ಕೋಣೆಗಳ ಎರಡಂತಸ್ತಿನ ಮನೆ. ಮೂರು ಕೋಣೆಗಳಲ್ಲಿ ತಾವಿದ್ದು ಉಳಿದವನ್ನು ಬಾಡಿಗೆಗೆ ಕೊಡುತ್ತಿದ್ದರು. ಬಾಡಿಗೆದಾರರ ಕೈಯಲ್ಲಿ ಹಣವಿಲ್ಲದ ಕಾಲ ಅದು. 1932ರ ಮೇ 2ರಂದು ಮನೆ ಹರಾಜಾಗಿ, ಸಾಲ ಕೊಟ್ಟ ಸಂಸ್ಥೆಯೇ ಅದನ್ನು 3,700.98 ಡಾಲರಿಗೆ ಕೊಂಡಿತು. ಬಿಡಿಸಿಕೊಳ್ಳಲು ಒಂದು ವರ್ಷದ ಅವಧಿಯಿತ್ತು. ಮನೆಯ ಬೆಲೆ ಸುಮಾರು 6,000 ಡಾಲರ್ ಎಂದು ನ್ಯಾಯಾಲಯ ಅಂದಾಜಿಸಿತ್ತು. ಅಂದರೆ ಅವಧಿ ಮುಗಿದರೆ ಮನೆಯೊಂದಿಗೆ 2,000 ಡಾಲರಿಗೂ ಮಿಕ್ಕಿದ ಅವರ ಸ್ವಂತ ಗಳಿಕೆಯೂ ಹೋಗುತ್ತಿತ್ತು.

ಹೊಸ ಕಾಯಿದೆಯಡಿ ನ್ಯಾಯಾಲಯ ವಿಮೋಚನೆಯ ಅವಧಿಯನ್ನು 1935ರ ಮೇ 1ರವರೆಗೆ ವಿಸ್ತರಿಸಿತು. ಅಲ್ಲಿಯವರೆಗೆ ಅವರು ತಿಂಗಳಿಗೆ 40 ಡಾಲರ್ ಕಟ್ಟಬೇಕು. ಅದು ಆ ಮನೆಯ ನ್ಯಾಯವಾದ ಬಾಡಿಗೆ. ಸಾಲಕೊಟ್ಟ ಸಂಸ್ಥೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮಾಡಿಕೊಂಡ ಕರಾರನ್ನು ರಾಜ್ಯವೊಂದು ದುರ್ಬಲಗೊಳಿಸಬಾರದೆಂದು ಸಂವಿಧಾನವೇ ಹೇಳುತ್ತದಲ್ಲ ಎಂಬುದು ಅದರ ವಾದ. ವಾದದಲ್ಲಿ ಹುರುಳಿತ್ತು. ಸ್ವಾತಂತ್ರ್ಯಯುದ್ಧದ ನಂತರ ರಾಜ್ಯಗಳು ಸಾಲಿಗರ ಪರವಾಗಿ ಇಂಥ ಕಾನೂನುಗಳನ್ನು ಮಾಡಿದ್ದರಿಂದಲೇ ಆ ನಿರ್ಬಂಧ ಸಂವಿಧಾನಕ್ಕೆ ಸೇರಿತ್ತು. 1934ರ ಜನವರಿ 8ರಂದು ಐದು ನಾಲ್ಕರ ಬಹುಮತದಲ್ಲಿ ನ್ಯಾಯಾಲಯ ಕಾಯಿದೆಯನ್ನು ಎತ್ತಿಹಿಡಿಯಿತು. ಮುಖ್ಯ ನ್ಯಾಯಮೂರ್ತಿ ಹ್ಯೂಸ್ ಅವರ ತರ್ಕದ ಸಾರ ಇಷ್ಟು: ಸಾಲದ ಮೊತ್ತ ಒಂದು ಡಾಲರ್ ಕೂಡ ಇಳಿದಿಲ್ಲ, ಬಡ್ಡಿ ನಿಂತಿಲ್ಲ, ಕಾಯಿದೆ ತಾತ್ಕಾಲಿಕ, ನಡುವಣ ಕಾಲಕ್ಕೆ ಬಾಡಿಗೆಯನ್ನೂ ಕೊಡಿಸಿದೆ. ಕೊಟ್ಟಿರುವುದು ಸಮಯ ಮಾತ್ರ.

ಕಾಲ ಮತ್ತು ಮೊತ್ತ

ಆಗ ದಿವಾಳಿಯ ದಾರಿ ಏನಾಗಿತ್ತು? ಅಮೆರಿಕ 1800, 1841, 1867ರಲ್ಲಿ ದಿವಾಳಿ ಕಾಯಿದೆಗಳನ್ನು ಮಾಡಿ ಮೂರನ್ನೂ ಕೆಲವೇ ವರ್ಷಗಳಲ್ಲಿ ರದ್ದು ಮಾಡಿತ್ತು. ಬಾಳಿದ್ದು 1898ರದು. ಅದು ಕೈಸಾಲ, ಅಂಗಡಿಸಾಲಗಳಿಂದ ಬಿಡುಗಡೆ ಕೊಡುತ್ತಿತ್ತು, ಅಡಮಾನವನ್ನು ಮುಟ್ಟುತ್ತಿರಲಿಲ್ಲ. 1934ರಲ್ಲಿ ಕಾಂಗ್ರೆಸ್ಸು ಫ್ರೇಜಿಯರ್-ಲೆಮ್ಕಿ ಕಾಯಿದೆಯ ಮೂಲಕ ರೈತರ ಮಟ್ಟಿಗೆ ಈ ಗಡಿಯನ್ನು ದಾಟಲು ನೋಡಿತು. ದಿವಾಳಿಯಾದ ರೈತ ಐದು ವರ್ಷ ಬಾಡಿಗೆ ಕಟ್ಟುತ್ತ ಜಮೀನಿನಲ್ಲೇ ಇದ್ದು, ಕೊನೆಗೆ ಸಾಲದ ಮೊತ್ತವನ್ನಲ್ಲ, ಜಮೀನಿನ ಅಂದಿನ ಬೆಲೆಯನ್ನಷ್ಟೇ ಕೊಟ್ಟು ಅದನ್ನು ಉಳಿಸಿಕೊಳ್ಳಬಹುದಿತ್ತು. 1935ರ ಮೇ 27ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಅದನ್ನು ಹೊಡೆದುಹಾಕಿತು. ತೀರ್ಪು ಬರೆದವರು ಬ್ರಾಂಡೈಸ್, ದೊಡ್ಡ ಬಂಡವಾಳದ ಕಟು ವಿಮರ್ಶಕ. ಸಾಲಿಗನ ಕಷ್ಟ ದೊಡ್ಡದೇ ಇರಬಹುದು, ಆದರೆ ಅದನ್ನು ಪರಿಹರಿಸಲು ಸಾಲಕೊಟ್ಟವನ ಆಸ್ತಿಹಕ್ಕನ್ನು ಪರಿಹಾರವಿಲ್ಲದೆ ಕಿತ್ತುಕೊಳ್ಳಲಾಗದು ಎಂಬುದು ಅವರ ನಿಲುವು. ಕಾಂಗ್ರೆಸ್ಸು ಕಾಯಿದೆಯನ್ನು ತಿದ್ದಿ, ಅವಧಿಯನ್ನು ಮೂರು ವರ್ಷಕ್ಕಿಳಿಸಿ ಮತ್ತೆ ತಂದಿತು. 1937ರಲ್ಲಿ ಅದು ಊರ್ಜಿತವಾಯಿತು.

ಈ ತೀರ್ಪುಗಳನ್ನು ಒಟ್ಟಿಗೆ ಓದಿದರೆ ಮುಂದಿನ ಎಂಬತ್ತು ವರ್ಷಗಳ ಸೂತ್ರ ಸಿಗುತ್ತದೆ. ಮನೆಸಾಲದವನಿಗೆ ಕಾಲ ಕೊಡಲು ಅಮೆರಿಕ ಸಿದ್ಧ, ಮೊತ್ತ ಇಳಿಸಲು ಹಿಂಜರಿಕೆ. ರೂಸ್ವೆಲ್ಟ್ ಸರಕಾರ 1933ರಲ್ಲಿ ಸ್ಥಾಪಿಸಿದ ಮನೆಯೊಡೆಯರ ಸಾಲ ನಿಗಮ ಮಾಡಿದ್ದೂ ಕಾಲ ಕೊಡುವ ಕೆಲಸವನ್ನೇ. ಮೂರು ವರ್ಷಗಳಲ್ಲಿ ಸುಮಾರು 10 ಲಕ್ಷ ಮನೆಗಳ ಸಾಲಗಳನ್ನು ಅದು ಕೊಂಡು 15 ವರ್ಷಗಳ ಸಮಾನ ಕಂತುಗಳಿಗೆ ಹಂಚಿತು. ಇಂದು ನಾವೆಲ್ಲ ಕಟ್ಟುವ ದೀರ್ಘಾವಧಿಯ ಮಾಸಿಕ ಕಂತಿನ ಪದ್ಧತಿ ಬೇರೂರಿದ್ದು ಹೀಗೆ. ಆ ನಿಗಮವೂ ಕೊನೆಗೆ 2 ಲಕ್ಷದ ಸಮೀಪ ಮನೆಗಳನ್ನು ಜಪ್ತಿ ಮಾಡಬೇಕಾಯಿತೆಂಬುದನ್ನು ಅದರ ಯಶಸ್ಸಿನ ಕಥೆ ಹೇಳುವವರು ಮರೆಯುತ್ತಾರೆ.

1978ರ ಹೊಸ ದಿವಾಳಿ ಸಂಹಿತೆ ಎರಡು ದಾರಿಗಳನ್ನು ಹತ್ತಿರ ತಂದಿತು. ಅರ್ಜಿ ದಾಖಲಾದ ಕ್ಷಣವೇ ಹರಾಜು ತಾನಾಗಿ ನಿಲ್ಲುತ್ತದೆ. 13ನೆಯ ಅಧ್ಯಾಯದಡಿ ಸಂಬಳದಾರನು ತಪ್ಪಿದ ಕಂತುಗಳನ್ನು ಮೂರರಿಂದ ಐದು ವರ್ಷಗಳಲ್ಲಿ ತೀರಿಸಿ ಮನೆ ಉಳಿಸಿಕೊಳ್ಳಬಹುದು. ಆದರೆ ವಾಸದ ಮನೆಯ ಅಡಮಾನದ ಷರತ್ತುಗಳನ್ನು ನ್ಯಾಯಾಲಯ ಮಾರ್ಪಡಿಸಕೂಡದೆಂದು ಸಂಹಿತೆ ವಿಧಿಸಿತು. ಮನೆಯ ಬೆಲೆ ಸಾಲಕ್ಕಿಂತ ಕೆಳಗಿಳಿದರೂ ಈ ನಿಷೇಧ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 1993ರ ನೋಬೆಲ್‌ಮನ್ ಪ್ರಕರಣದಲ್ಲಿ ಖಚಿತಪಡಿಸಿತು. ಇದರ ವಿಪರ್ಯಾಸ ಗಮನಿಸಬೇಕು. ಸಿರಿವಂತನು ಸಮುದ್ರತೀರದಲ್ಲಿ ಕೊಂಡ ವಿಹಾರದ ಮನೆಯ ಸಾಲವನ್ನು ದಿವಾಳಿ ನ್ಯಾಯಾಲಯ ಇಳಿಸಬಲ್ಲದು, ತಲೆಯ ಮೇಲಿನ ಸೂರಿನ ಸಾಲವನ್ನು ಇಳಿಸಲಾರದು. 2008ರ ಕುಸಿತದ ನಂತರ ಈ ನಿಯಮವನ್ನು ಬದಲಿಸುವ ಮಸೂದೆಗೆ 2009ರ ಮಾರ್ಚ್‌ನಲ್ಲಿ ಕೆಳಮನೆ ಒಪ್ಪಿತು. ಏಪ್ರಿಲ್ 30ರಂದು ಸೆನೆಟ್ಟಿನಲ್ಲಿ ಅದು 45ಕ್ಕೆ 51 ಮತಗಳಿಂದ ಬಿದ್ದುಹೋಯಿತು. ಮುಂದಿನ ವರ್ಷಗಳಲ್ಲಿ ಲಕ್ಷಾಂತರ ಕುಟುಂಬಗಳು ಮನೆ ಬಿಟ್ಟು ಹೊರಟದ್ದು ಆ ಮತದಾನದ ನೆರಳಿನಲ್ಲಿ.

ಎರಡನೆಯ ಸಹಿ

ಜಂಟಿ ಒಡೆತನ ಈ ಆಯ್ಕೆಯನ್ನು ಹೇಗೆ ಬದಲಿಸುತ್ತದೆ? ಅಮೆರಿಕದ ಕಾನೂನು ಮೂರು ಪದರಗಳಲ್ಲಿ ಉತ್ತರಿಸಿದೆ.

ಮೊದಲನೆಯದು ಮನೆಯ ರಕ್ಷಣೆ. ಟೆಕ್ಸಸ್ ಇನ್ನೂ ಸ್ವತಂತ್ರ ಗಣರಾಜ್ಯವಾಗಿದ್ದಾಗಲೇ, 1839ರಲ್ಲಿ, ವಾಸದ ಮನೆಯನ್ನು ಸಾಮಾನ್ಯ ಸಾಲಕ್ಕೆ ಜಪ್ತಿ ಮಾಡಬಾರದೆಂಬ ಕಾನೂನು ಮಾಡಿತು. 1845ರ ಅದರ ಸಂವಿಧಾನ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹೆಂಡತಿಯ ಒಪ್ಪಿಗೆಯಿಲ್ಲದೆ ಗಂಡ ಆ ಮನೆಯನ್ನು ಪರಭಾರೆ ಮಾಡುವಂತಿಲ್ಲ ಎಂದಿತು. ಹಲವು ರಾಜ್ಯಗಳು ಮನೆಯ ರಕ್ಷಣೆಯ ಈ ಮಾದರಿಯನ್ನು ಅನುಸರಿಸಿದವು.

ಎರಡನೆಯದು ದಾಂಪತ್ಯದ ಅವಿಭಕ್ತ ಒಡೆತನ. ಗಂಡಹೆಂಡಿರು ಕಾನೂನಿನ ಕಣ್ಣಲ್ಲಿ ಒಂದೇ ವ್ಯಕ್ತಿ ಎಂಬ ಹಳೆಯ ಇಂಗ್ಲಿಷ್ ಕಲ್ಪನೆ ಹೆಂಡತಿಯ ಅಸ್ತಿತ್ವವನ್ನೇ ಅಳಿಸಿತ್ತಷ್ಟೆ. ಅಮೆರಿಕದ ಸುಮಾರು ಅರ್ಧದಷ್ಟು ರಾಜ್ಯಗಳಲ್ಲಿ ಅದೇ ಕಲ್ಪನೆ ತಿರುವುಮುರುವಾಗಿ ಉಳಿದುಕೊಂಡಿದೆ. ಒಡೆತನ ಇಬ್ಬರಿಗೂ ಸೇರಿದ ಒಂದೇ ಇಡಿ ವಸ್ತುವಾದ್ದರಿಂದ, ಒಬ್ಬರ ಸ್ವಂತ ಸಾಲಕ್ಕೆ ಅದನ್ನು ತುಂಡರಿಸಲಾಗದು ಎಂದು ಅವುಗಳಲ್ಲಿ ಹಲವು ವಾದಿಸುತ್ತವೆ. ಒಮ್ಮೆ ಹೆಣ್ಣನ್ನು ಕಟ್ಟಿಹಾಕಿದ್ದ ತತ್ತ್ವ ಇಂದು ಅವಳ ಮನೆಗೆ ಕಾವಲಾಗಿದೆ. ಇಬ್ಬರೂ ಸಹಿ ಹಾಕಿದ ಅಡಮಾನದ ಮುಂದೆ ಮಾತ್ರ ಈ ಕಾವಲು ನಿಲ್ಲದು.

ಮೂರನೆಯದು ದಿವಾಳಿ ಸಂಹಿತೆಯೊಳಗಿನ ನಿಯಮಗಳು. ಇಲ್ಲಿಯೇ ಆಯ್ಕೆಯ ನಿಜವಾದ ಕಷ್ಟ ಇರುವುದು. ಸಾಲಪತ್ರಕ್ಕೆ ಇಬ್ಬರು ಸಹಿ ಹಾಕಿದರೆ ಹೊಣೆ ಅರ್ಧರ್ಧವಾಗುವುದಿಲ್ಲ, ಪ್ರತಿಯೊಬ್ಬರೂ ಪೂರ್ತಿಗೆ ಹೊಣೆ. ಒಬ್ಬರು ದಿವಾಳಿಯಾಗಿ ಬಿಡುಗಡೆ ಪಡೆದರೆ ಉಳಿದವರ ಮೇಲೆ ಇಡೀ ಸಾಲ ನಿಲ್ಲುತ್ತದೆ. 13ನೆಯ ಅಧ್ಯಾಯ ಸಹಸಾಲಿಗನಿಗೂ ತಾತ್ಕಾಲಿಕ ರಕ್ಷಣೆ ಕೊಡುತ್ತದೆ, ಎಲ್ಲವನ್ನೂ ಒಪ್ಪಿಸಿ ಬಿಡುಗಡೆ ಪಡೆಯುವ 7ನೆಯ ಅಧ್ಯಾಯ ಕೊಡುವುದಿಲ್ಲ. ಕೆಲವು ಷರತ್ತುಗಳಿಗೆ ಒಳಪಟ್ಟು ದಿವಾಳಿಯ ಆಸ್ತಿಪಾಲಕನು ಜಂಟಿ ಮನೆಯನ್ನು ಇಡಿಯಾಗಿ ಮಾರಿ, ದಿವಾಳಿಯಾಗದವರ ಪಾಲನ್ನು ಹಣವಾಗಿ ಕೊಡಬಹುದು. ಅದೇ ಬೆಲೆಗೆ ಮನೆಯನ್ನು ತಾವೇ ಕೊಳ್ಳುವ ಮೊದಲ ಅವಕಾಶ ಸಹಒಡೆಯರಿಗಿದೆ. ವಿಚ್ಛೇದನದಲ್ಲಿ ಕಂತನ್ನು ಗಂಡನೇ ಕಟ್ಟಬೇಕೆಂದು ಕುಟುಂಬ ನ್ಯಾಯಾಲಯ ಹೇಳಿದರೂ ಅದು ಅವರಿಬ್ಬರ ನಡುವಿನ ಮಾತು. ಬ್ಯಾಂಕಿಗೆ ಇಬ್ಬರ ಸಹಿಯೂ ಹಾಗೆಯೇ ಇರುತ್ತದೆ.

ಇಷ್ಟನ್ನೂ ತೂಗಿದ ಮೇಲೆ ದಂಪತಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಸರಳವಾಗುತ್ತವೆ. ಮನೆಯ ಬೆಲೆ ಸಾಲಕ್ಕಿಂತ ಹೆಚ್ಚಿದೆಯೆ? ಹೆಚ್ಚಿದ್ದರೆ ಕಾಲ ಕೊಳ್ಳುವುದರಲ್ಲಿ ಅರ್ಥವಿದೆ. ತೊಂದರೆ ತಾತ್ಕಾಲಿಕವೆ, ಮುಂದೆ ಕಂತು ಕಟ್ಟುವ ಆದಾಯ ಬರುವುದೆ? ಇಲ್ಲವಾದರೆ ದಿವಾಳಿಯ ಅರ್ಜಿ ಹರಾಜನ್ನು ಕೆಲವು ತಿಂಗಳು ತಳ್ಳುತ್ತದೆ ಅಷ್ಟೆ. ಹರಾಜಿನ ನಂತರವೂ ಉಳಿಯುವ ಬಾಕಿಗೆ ಬ್ಯಾಂಕು ಬೆನ್ನಟ್ಟಬಲ್ಲದೆ? ಕ್ಯಾಲಿಫೋರ್ನಿಯಾ 1933ರಲ್ಲೇ ಮನೆ ಕೊಳ್ಳಲು ಪಡೆದ ಸಾಲದ ಮಟ್ಟಿಗೆ ಇದನ್ನು ನಿಷೇಧಿಸಿತು. ಅಂಥ ರಕ್ಷಣೆ ಇರುವಲ್ಲಿ ಮನೆ ಬಿಟ್ಟುಕೊಡುವುದೇ ಹಗುರವಾದ ದಾರಿ. ಇಲ್ಲದಲ್ಲಿ ದಿವಾಳಿಯ ಬಿಡುಗಡೆಗೆ ಬೆಲೆ ಬರುತ್ತದೆ. ಕೊನೆಯದಾಗಿ, ಇಬ್ಬರೂ ಒಟ್ಟಿಗೆ ಹೋಗುವರೆ, ಒಬ್ಬರೇ ಹೋಗುವರೆ? ದಂಪತಿ ಜಂಟಿಯಾಗಿ ಅರ್ಜಿ ಹಾಕಲು ಸಂಹಿತೆ ಅವಕಾಶ ಕೊಟ್ಟಿದೆ. ಅಣ್ಣತಮ್ಮಂದಿರಿಗೆ ಆ ಅವಕಾಶವಿಲ್ಲ.

ನಮ್ಮ ಹಳೆಯ ಕಾಯಿದೆಗಳು

ನಮ್ಮ ಅಡಮಾನದ ಕಾನೂನಿನ ಬೇರೂ ಅದೇ ಇಂಗ್ಲಿಷ್ ಮಣ್ಣಿನಲ್ಲಿದೆ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 60ನೆಯ ಕಲಮು ವಿಮೋಚನೆಯ ಹಕ್ಕನ್ನು ನಮಗೂ ಕೊಟ್ಟಿದೆ. ಭಾರತೀಯ ನೆಲದಲ್ಲಿ ಅದಕ್ಕೆ ಸ್ಥಳೀಯ ಜೊತೆಗಾರರೂ ಇದ್ದರು. ಬಡ್ಡಿಯ ಬಾಕಿ ಅಸಲನ್ನು ಮೀರಬಾರದೆಂಬ ‘ದಾಮ್‌ದುಪ್ಪಟ್’ ನಿಯಮ ಮುಂಬಯಿ ಪ್ರಾಂತದಲ್ಲಿ ಹಿಂದೂ ಸಾಲಿಗರಿಗೆ ಸಲ್ಲುತ್ತಿತ್ತು. ಅಮೆರಿಕ ಮುಟ್ಟಲು ಅಂಜಿದ ಮೊತ್ತಕ್ಕೆ ನಮ್ಮ ಹಿರಿಯರು ಹೀಗೊಂದು ಮಿತಿ ಹಾಕಿದ್ದರು. 1875ರ ಮೇ 12ರಂದು ಪುಣೆ ಜಿಲ್ಲೆಯ ಸೂಪೆಯ ಸಂತೆಯಲ್ಲಿ ರೈತರು ಸಾಹುಕಾರರ ಲೆಕ್ಕದ ಪುಸ್ತಕ, ಸಾಲಪತ್ರಗಳಿಗೆ ಬೆಂಕಿಯಿಟ್ಟರು. ಅದರ ಫಲವಾಗಿ ಬಂದ 1879ರ ದಖ್ಖನ್ ರೈತರ ಪರಿಹಾರ ಕಾಯಿದೆ ಪತ್ರದಲ್ಲಿ ಬರೆದ ಮೊತ್ತದ ಹಿಂದಿನ ಲೆಕ್ಕವನ್ನು ಮೊದಲಿಂದ ಕೆದಕಲು ನ್ಯಾಯಾಲಯಕ್ಕೆ ಅಧಿಕಾರ ಕೊಟ್ಟಿತು, ಹಣದ ಡಿಕ್ರಿಗಾಗಿ ರೈತನನ್ನು ಸೆರೆಗೆ ಹಾಕುವುದನ್ನು ನಿಲ್ಲಿಸಿತು. ಮೈಸೂರು ಸಂಸ್ಥಾನವೂ 1928ರಲ್ಲಿ ತನ್ನ ರೈತರಿಗೆ ಇಂಥದೇ ಕಾಯಿದೆ ಮಾಡಿತು.

ಜಂಟಿ ಮನೆಯ ವಿಷಯದಲ್ಲಿಯೂ ನಮ್ಮ ಕಾನೂನು ಎಚ್ಚರ ತೋರಿದೆ. ಅವಿಭಕ್ತ ಕುಟುಂಬದ ಒಬ್ಬನ ಪಾಲನ್ನು ಹೊರಗಿನವನು ಕೊಂಡರೂ ಅವನು ಬಂದು ಆ ಮನೆಯಲ್ಲಿ ಕೂರುವಂತಿಲ್ಲ. ಅವನು ಪಾಲಿಗಾಗಿ ದಾವೆ ಹೂಡಿದರೆ ಆ ಪಾಲನ್ನು ನ್ಯಾಯಾಲಯ ಕಟ್ಟಿದ ಬೆಲೆಗೆ ತಾವೇ ಕೊಳ್ಳುವ ಹಕ್ಕನ್ನು ಮನೆಯವರಿಗೆ 1893ರ ವಿಭಜನೆ ಕಾಯಿದೆಯ 4ನೆಯ ಕಲಮು ಕೊಟ್ಟಿದೆ. ಅಮೆರಿಕದ ಸಂಹಿತೆ 1978ರಲ್ಲಿ ಸಹಒಡೆಯನಿಗೆ ಕೊಟ್ಟ ಮೊದಲ ಖರೀದಿಯ ಅವಕಾಶಕ್ಕೂ ಇದಕ್ಕೂ ಹೋಲಿಕೆ ಸ್ಪಷ್ಟ. ಇನ್ನೊಂದೆಡೆ, ತಂದೆಯ ಸಾಲವನ್ನು ಮಗ ತೀರಿಸಬೇಕೆಂಬ ಧಾರ್ಮಿಕ ಋಣದ ತತ್ತ್ವ ಕುಟುಂಬದ ಮನೆಗೆ ಬಹುಕಾಲ ಅಪಾಯವಾಗಿಯೇ ಉಳಿದಿತ್ತು. ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ 2005ರ ತಿದ್ದುಪಡಿಯೇ ಆ ತತ್ತ್ವಕ್ಕೂ ತೆರೆ ಎಳೆಯಿತು. ಅದರಾಚೆಯ ಸಾಲಗಳಿಗೆ ಮಗನನ್ನು ಆ ಕಾರಣಕ್ಕಾಗಿ ಹೊಣೆಯಾಗಿಸುವಂತಿಲ್ಲ.

ದಿವಾಳಿಯ ಕಾನೂನು ಮಾತ್ರ ನಮ್ಮಲ್ಲಿ ನಿಂತ ನೀರು. ಹಳ್ಳಿಯ ಬಾಯಲ್ಲಿ ‘ಪಾಪರ್ ಚೀಟಿ’ ಎಂದು ಕರೆಸಿಕೊಂಡ ಅದರಲ್ಲಿ ಮಾನಹೋದ ಭಾವವೇ ಹೆಚ್ಚು, ಬಿಡುಗಡೆಯ ಭಾವ ಕಡಿಮೆ. ಮುಂಬಯಿ, ಚೆನ್ನೈ, ಕೋಲ್ಕತಾ ನಗರಗಳಲ್ಲಿರುವವರಿಗೆ ಇಂದಿಗೂ ಅನ್ವಯಿಸುವುದು 1909ರ ಪ್ರೆಸಿಡೆನ್ಸಿ ಪಟ್ಟಣಗಳ ಕಾಯಿದೆ. ಪುಣೆ, ದೆಹಲಿಗಳಲ್ಲಿರುವವರಿಗೆ 1920ರ ಪ್ರಾಂತೀಯ ಕಾಯಿದೆ. 500 ರೂಪಾಯಿ ಸಾಲವಿದ್ದರೆ ಅರ್ಜಿ ಹಾಕಬಹುದು. 1909ರ ಕಾಯಿದೆಯಡಿ ದಿವಾಳಿಯಾದವನು ಉಳಿಸಿಕೊಳ್ಳಬಹುದಾದದ್ದು ಕಸುಬಿನ ಉಪಕರಣ, ತನ್ನ ಮತ್ತು ಹೆಂಡತಿಮಕ್ಕಳ ಬಟ್ಟೆ, ಹಾಸಿಗೆ, ಅಡುಗೆ ಪಾತ್ರೆ, ಪೀಠೋಪಕರಣ, ಎಲ್ಲ ಸೇರಿ 300 ರೂಪಾಯಿಯೊಳಗೆ. ಮನೆಯ ಹೆಸರೇ ಇಲ್ಲ. ಡಿಕ್ರಿಯ ಜಪ್ತಿಯಿಂದ ರೈತನ, ಕೂಲಿಯ, ಮನೆಗೆಲಸದವರ ಮನೆಗಳಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆ ರಕ್ಷಣೆ ಕೊಟ್ಟಿದೆ. ನಗರದ ಸಂಬಳದಾರನ ಫ್ಲ್ಯಾಟು ಆ ಪಟ್ಟಿಯಲ್ಲಿಲ್ಲ.

ಎರಡೂ ಕಾಯಿದೆಗಳು ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತವೆ: ದಿವಾಳಿಯ ಆದೇಶ ಅಡಮಾನ ಪಡೆದವನ ಕೈಯನ್ನು ಕಟ್ಟುವುದಿಲ್ಲ. ಅಂದರೆ ಅಮೆರಿಕದ ದಂಪತಿಯ ಮುಂದಿರುವ ಆಯ್ಕೆ ನಮ್ಮಲ್ಲಿ ಆಯ್ಕೆಯೇ ಅಲ್ಲ. 2002ರ ಸರ್ಫೇಸಿ ಕಾಯಿದೆ ಬ್ಯಾಂಕಿಗೆ ನ್ಯಾಯಾಲಯದ ಡಿಕ್ರಿಯ ಅಗತ್ಯವಿಲ್ಲದೆಯೇ, 60 ದಿನಗಳ ನೋಟೀಸು ಕೊಟ್ಟು ಮನೆಯನ್ನು ವಶಪಡಿಸಿಕೊಂಡು ಮಾರುವ ಅಧಿಕಾರ ಕೊಟ್ಟಿತು. 2016ರ ತಿದ್ದುಪಡಿಯ ನಂತರ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ಪ್ರಕಟಣೆ ಹೊರಬೀಳುವವರೆಗೆ ಮಾತ್ರ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ತೀರ್ಮಾನಿಸಿತು. 1933ರ ಮಿನೆಸೋಟಾ ಹರಾಜಾಗಿ ಒಂದು ವರ್ಷ ಕಳೆದ ಮೇಲೂ ಎರಡು ವರ್ಷ ಕೊಟ್ಟಿತ್ತು. ನಮ್ಮಲ್ಲಿ ಬಾಗಿಲು ಹರಾಜಿಗೂ ಮೊದಲೇ ಮುಚ್ಚುತ್ತದೆ.

2016ರ ದಿವಾಳಿ ಸಂಹಿತೆಯ ಮೂರನೆಯ ಭಾಗದಲ್ಲಿ ವ್ಯಕ್ತಿಗಳಿಗಾಗಿ ಹೊಸ ವ್ಯವಸ್ಥೆಯೊಂದನ್ನು ಬರೆದಿಡಲಾಗಿದೆ. ಸಾಲವಿಲ್ಲದ ಒಂದು ವಾಸದ ಮನೆಯನ್ನು, ನಿಗದಿತ ಬೆಲೆಯೊಳಗಿದ್ದರೆ, ದಿವಾಳಿಯಿಂದ ಹೊರಗಿಡುವ ಮಾತೂ ಅದರಲ್ಲಿದೆ. ಆದರೆ ಆ ಭಾಗ 2019ರ ಡಿಸೆಂಬರ್ 1ರಿಂದ ಜಾರಿಯಾದದ್ದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ಮಿಕ್ಕವರೆಲ್ಲ ಇನ್ನೂ 300 ರೂಪಾಯಿಯ ಪಾತ್ರೆಪಡಗದ ಕಾಲದಲ್ಲೇ ಇದ್ದೇವೆ. ನನ್ನಂಥ ಸರಕಾರಿ ನೌಕರರಿಗೆ ಇನ್ನೊಂದು ಕಟ್ಟೂ ಉಂಟು. 1964ರ ನಡತೆ ನಿಯಮಗಳ 17ನೆಯ ನಿಯಮ, ದಿವಾಳಿಯಾಗದಂತೆ ತನ್ನ ಖಾಸಗಿ ವ್ಯವಹಾರ ನಡೆಸಿಕೊಳ್ಳುವುದು ನೌಕರನ ಕರ್ತವ್ಯವೆನ್ನುತ್ತದೆ. ನ್ಯಾಯಾಲಯದಲ್ಲಿ ಬಿಡುಗಡೆಯೆನಿಸಿಕೊಳ್ಳುವುದು ಕಚೇರಿಯಲ್ಲಿ ವಿವರಣೆ ಕೊಡಬೇಕಾದ ಸಂಗತಿಯಾಗುತ್ತದೆ.

ಈ ನಡುವೆ ನಮ್ಮ ನಗರಗಳಲ್ಲಿ ಜಂಟಿ ಹೆಸರಿನ ಮನೆಗಳು ಹೆಚ್ಚುತ್ತಿವೆ. ಹೆಂಡತಿಯ ಹೆಸರು ಸೇರಿಸಿದರೆ ಕೆಲವು ಬ್ಯಾಂಕುಗಳ ಬಡ್ಡಿಯಲ್ಲಿ ಅಲ್ಪ ರಿಯಾಯಿತಿ ಸಿಗುತ್ತದೆ. ದೆಹಲಿಯಲ್ಲಿ ಹೆಂಗಸರ ಪಾಲಿಗೆ ಮುದ್ರಾಂಕ ಶುಲ್ಕ ಕಡಿಮೆ. ಎರಡು ಸಂಬಳ ಸೇರಿದರೆ ದೊಡ್ಡ ಸಾಲವೂ ಹುಟ್ಟುತ್ತದೆ. ಆಸ್ತಿಪತ್ರದಲ್ಲಿ ಹೆಣ್ಣಿನ ಹೆಸರು ಬರುವುದು ಟಲಿವರನ ಹೆಂಡತಿಯ ಕಾಲದಿಂದ ನಾವು ಬಂದಿರುವ ದೂರವನ್ನು ತೋರಿಸುತ್ತದೆ, ಅದು ಸಂತೋಷದ ವಿಷಯ. ಆದರೆ ಅದೇ ದಿನ, ಅದೇ ಮೇಜಿನ ಮೇಲೆ ಆಕೆ ಸಾಲಪತ್ರಕ್ಕೂ ಸಹಿ ಹಾಕುತ್ತಾಳೆ. ಆಸ್ತಿಪತ್ರ ಅವಳನ್ನು ಪಾಲಿಗೆ ಒಡತಿಯನ್ನಾಗಿ ಮಾಡುತ್ತದೆ, ಸಾಲಪತ್ರ ಪೂರ್ತಿಗೆ ಹೊಣೆಗಾರಳನ್ನಾಗಿ ಮಾಡುತ್ತದೆ. ಈ ವ್ಯತ್ಯಾಸವನ್ನು ಸಹಿಗೆ ಮುನ್ನ ಅವಳಿಗೆ ಬಿಡಿಸಿ ಹೇಳುವವರು ಅಪರೂಪ.

ಬ್ಲೇಸ್ಡೆಲ್ ದಂಪತಿಗೆ ಸಿಕ್ಕಿದ್ದು ದೊಡ್ಡ ಔದಾರ್ಯವೇನೂ ಅಲ್ಲ. ತಿಂಗಳಿಗೆ 40 ಡಾಲರ್ ಕಟ್ಟುತ್ತ ತಮ್ಮದೇ ಮನೆಯಲ್ಲಿ ಬಾಡಿಗೆದಾರರಂತೆ ಇನ್ನೆರಡು ವರ್ಷ ಇರಲು ಅವರಿಗೆ ಅನುಮತಿ ದೊರೆಯಿತು. ಆದರೆ ಸಾಲ ಕೊಟ್ಟವನ ಹಕ್ಕಿಗೂ ಮನೆಯಲ್ಲಿರುವವರ ಬದುಕಿಗೂ ನಡುವೆ ನಿಂತು, ಇಬ್ಬರ ಲೆಕ್ಕವನ್ನೂ ಕೇಳಿ, ದಿನಾಂಕವನ್ನು ಮುಂದೂಡಬಲ್ಲ ನ್ಯಾಯಾಧೀಶನೊಬ್ಬ ಅವರಿಗೆ ಸಿಕ್ಕಿದ್ದ. 1879ರಲ್ಲಿ ದಖ್ಖನದ ರೈತನಿಗೂ ಅಂಥವನೊಬ್ಬನನ್ನು ಕಾನೂನು ಒದಗಿಸಿತ್ತು. ಕಂತಿನ ಮೇಲೆ ಕಟ್ಟಿಕೊಂಡ ಇಂದಿನ ನಗರದ ಮನೆಗಳಿಗೆ ಅಂಥ ವ್ಯವಸ್ಥೆ ಇನ್ನೂ ಬಂದಿಲ್ಲ. ಬರೆದಿಟ್ಟಿರುವ ಮೂರನೆಯ ಭಾಗವನ್ನು ಎಲ್ಲರಿಗೂ ಜಾರಿಗೆ ತಂದು, ಅದರಲ್ಲಿ ಸಾಲದ ಮನೆಗೂ ಒಂದಿಷ್ಟು ಜಾಗ ಮಾಡಿಕೊಟ್ಟರೆ ಆ ಕೆಲಸ ಶುರುವಾಗಬಹುದು.